ಇಡಿಯಾಗಿ ಕೊಡುತ್ತೇವೆ ಎಂದವರು

“ತಲೆ ಚೆನ್ನಾಗೇ ಇದೆ ಅಂತ ನೀವೇ ಹೇಳಿದ್ರಲ್ಲ ಮೇಡಂ. ಹಾಗಾದ್ರೆ ಮೈ ಬದಲಾಯ್ಸೋಕಾಗಲ್ವಾ?”

ಐಸಿಯುವಿನ ಹೊರಗೆ ರೋಗಿಯೊಬ್ಬನ ಅಣ್ಣ ಹೀಗೆ ಕೇಳಿದಾಗ ನಾನು ಅದನ್ನು ದುಃಖಕ್ಕೆ ಆಡಿದ ಮಾತು ಎಂದುಕೊಂಡೆ. ನಮ್ಮ ಬಾಗಿಲಲ್ಲಿ ನಿಂತವರು ಏನೇನೋ ಕೇಳುತ್ತಾರೆ. ತಮ್ಮ ಆಯಸ್ಸನ್ನು ತೆಗೆದು ಕೊಡೋಕಾಗುತ್ತಾ ಎಂದು ಕೇಳಿದವರಿದ್ದಾರೆ. ಅಂಥ ಮಾತಿಗೆ ಉತ್ತರ ಹೇಳುವುದಿಲ್ಲ, ಒಂದು ಕ್ಷಣ ನಿಂತು ಮುಂದೆ ಹೋಗುತ್ತೇವೆ. ಆದರೆ ಇವರು ಉತ್ತರಕ್ಕಾಗಿ ಕಾಯುತ್ತಿದ್ದರು. ಕೈಯಲ್ಲಿ ಜೆ.ಪಿ. ನಗರದ ಯಾವುದೋ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳಿದ್ದವು. ಮೇಲಿನ ಹಾಳೆಯಲ್ಲಿ ಒಂದು ಕೋತಿಯ ಮಸುಕಾದ ಚಿತ್ರ. ಕತ್ತಿನ ಸುತ್ತ ಹೊಲಿಗೆ.

ನಾನು ಆಗ ಜಯನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಆಪರೇಷನ್ ಥಿಯೇಟರಿನ ಕೆಲಸದ ಜೊತೆಗೆ ಐಸಿಯುವಿನ ಹೊಣೆಯೂ ನನ್ನ ಮೇಲಿತ್ತು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಈ ಅಣ್ಣ ಪುಟ್ಟೇನಹಳ್ಳಿಯ ಹಳೆಯ ಮನೆತನದವರು. ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಮೀನು ಬಡಾವಣೆಯಾದ ಮೇಲೆ ಬಾಡಿಗೆಗೆ ಮನೆಗಳನ್ನು ಕಟ್ಟಿಸಿ, ಕೆಳಗೊಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದರು. ಅವರ ತಮ್ಮ, ನಮ್ಮ ರೋಗಿ, ಅದೇ ಏರಿಯಾದಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದ. ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಬೇಗೂರಿನ ಹತ್ತಿರ ನೆಂಟರ ಜಮೀನಿನ ಬಾವಿಗೆ ತಲೆ ಮುಂದಾಗಿ ಧುಮುಕಿದ್ದ. ಅವನು ಅಂದುಕೊಂಡಷ್ಟು ನೀರು ಅದರಲ್ಲಿರಲಿಲ್ಲ. ಕತ್ತಿನ ಮೂಳೆ ಮುರಿದು ಒಳಗಿನ ಬೆನ್ನುಹುರಿ ಜಜ್ಜಿಹೋಯಿತು.

ಅಲ್ಲಿಂದಾಚೆ ಕತ್ತಿನ ಕೆಳಗೆ ಅವನಿಗೆ ಚಲನೆಯೂ ಇರಲಿಲ್ಲ, ಸ್ಪರ್ಶವೂ ಇರಲಿಲ್ಲ. ಉಸಿರು ಸ್ವಂತದ್ದೇ, ಆದರೆ ಕೆಮ್ಮಿ ಕಫ ತೆಗೆಯುವಷ್ಟು ಬಲ ಅದಕ್ಕಿರಲಿಲ್ಲ. ಹಾಗಾಗಿ ಚಳಿಗಾಲ ಬಂದರೆ ನ್ಯುಮೋನಿಯಾ. ಮೂತ್ರದ ನಳಿಕೆಯಿಂದ ಮೇಲಿಂದ ಮೇಲೆ ಸೋಂಕು. ಅತ್ತಿಗೆ ಎಷ್ಟೇ ಜತನದಿಂದ ಮಗ್ಗುಲು ಬದಲಿಸಿದರೂ ಸೊಂಟದ ಹಿಂದೆ ಒಂದು ಹುಣ್ಣು ಒಣಗಲೇ ಇಲ್ಲ. ನಮ್ಮಲ್ಲಿ ಅವನು ಖಾಯಂ ಗಿರಾಕಿ. ನರ್ಸುಗಳೆಲ್ಲ ಅವನಿಗೆ ಗೊತ್ತು, ಯಾರ ಮನೆಗೆ ಯಾವ ಚಾನೆಲ್ ಸರಿಯಾಗಿ ಬರುತ್ತಿಲ್ಲ ಎಂಬುದೂ ಗೊತ್ತು. ಈ ಸಲ ಬಂದಾಗ ಮಾತ್ರ ಎರಡೂ ಕಿಡ್ನಿ ಸೋತಿದ್ದವು.

ಡಯಾಲಿಸಿಸ್ ಶುರು ಮಾಡಿದೆವು. ಬೆನ್ನುಹುರಿ ಹೋದವರಲ್ಲಿ ರಕ್ತನಾಳಗಳಿಗೆ ಹಿಡಿತವಿರುವುದಿಲ್ಲ. ರಕ್ತವನ್ನು ಯಂತ್ರಕ್ಕೆ ಎಳೆದುಕೊಂಡ ಸ್ವಲ್ಪ ಹೊತ್ತಿಗೆಲ್ಲ ಬಿಪಿ ಕುಸಿಯುತ್ತಿತ್ತು, ಅವನ ಕಣ್ಣು ಮೇಲಾಗುತ್ತಿತ್ತು, ಯಂತ್ರ ನಿಲ್ಲಿಸಬೇಕಾಗುತ್ತಿತ್ತು. ನಿಧಾನಕ್ಕೆ ಓಡಿಸಿ ನೋಡಿದೆವು, ಕಾಲುಗಳಿಗೆ ಬಿಗಿಯಾಗಿ ಪಟ್ಟಿ ಸುತ್ತಿ ನೋಡಿದೆವು, ಬಿಪಿ ಏರಿಸುವ ಔಷಧವನ್ನು ಹನಿಹನಿಯಾಗಿ ಕೊಡುತ್ತ ನೋಡಿದೆವು. ಹೊಟ್ಟೆಯೊಳಗೆ ದ್ರವ ತುಂಬಿಸಿ ತೆಗೆಯುವ ಇನ್ನೊಂದು ಬಗೆಯ ಡಯಾಲಿಸಿಸ್ ಮಾಡಿದಾಗ ಅಲ್ಲಿಗೂ ಸೋಂಕು ಹತ್ತಿತು. ಕಿಡ್ನಿ ಕಸಿ ಮಾಡೋಣವೆಂದರೆ, ಕಸಿಯಾದವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಜೀವನಪೂರ್ತಿ ಬೇಕು. ಆ ಹುಣ್ಣು, ಆ ಸೋಂಕುಗಳ ಜೊತೆಗೆ ಆ ಔಷಧ ಕೊಟ್ಟರೆ ಕೆಲವೇ ವಾರಗಳಲ್ಲಿ ಅವನು ಹೋಗುತ್ತಾನೆ ಎಂದು ಕಿಡ್ನಿ ತಜ್ಞರು ಕೈಚೆಲ್ಲಿಬಿಟ್ಟರು. ಇದನ್ನೆಲ್ಲ ಅಣ್ಣನಿಗೆ ಹೇಳುವಾಗಲೇ ನಾನು, “ಅವರ ತಲೆ ಪೂರ್ತಿ ಚೆನ್ನಾಗಿದೆ, ಮೈ ಸಹಕರಿಸ್ತಿಲ್ಲ” ಎಂದಿದ್ದು.

ಕೋತಿಯ ಸಂಗತಿ ಅವರಿಗೆ ಸಿಕ್ಕಿದ್ದು ವಿದೇಶಿ ಚಾನೆಲ್ ಒಂದರಲ್ಲಿ. ದಶಕಗಳ ಹಿಂದೆ ಅಮೆರಿಕದಲ್ಲಿ ಒಬ್ಬ ಸರ್ಜನ್ ಒಂದು ಕೋತಿಯ ತಲೆಯನ್ನು ಇನ್ನೊಂದರ ದೇಹಕ್ಕೆ ಜೋಡಿಸಿದ್ದು ನಿಜ. ಅದು ಕಣ್ಣು ಬಿಟ್ಟಿತು, ಎದುರಿಗೆ ಬಂದವರನ್ನು ಕಣ್ಣಿನಿಂದ ಹಿಂಬಾಲಿಸಿತು, ಬೆರಳು ಕೊಟ್ಟರೆ ಕಚ್ಚಲು ನೋಡಿತು. ಕೆಲವು ದಿನ ಬದುಕಿತು. ಮನುಷ್ಯರಿಗೂ ಇದನ್ನು ಮಾಡಬಹುದು ಎಂದು ಆಮೇಲೆ ಕೆಲವರು ಪತ್ರಿಕೆಗಳಲ್ಲಿ ಹೇಳುತ್ತಲೇ ಬಂದರು. ಓದುವಾಗ ನಾನು ಇದನ್ನು ಪಾಠದ ಅಂಚಿನ ಒಂದು ಕುತೂಹಲವಾಗಿ ಕೇಳಿದ್ದೆ. ಅದನ್ನು ಹಿಡಿದುಕೊಂಡು ನನ್ನೆದುರು ಯಾರಾದರೂ ನಿಲ್ಲುತ್ತಾರೆ ಎಂದುಕೊಂಡಿರಲಿಲ್ಲ.

ಅಣ್ಣನನ್ನು ನನ್ನ ಕೋಣೆಗೆ ಕರೆದು ಕೂರಿಸಿದೆ. ರಕ್ತನಾಳಗಳನ್ನು ಜೋಡಿಸಬಹುದು, ಶ್ವಾಸನಾಳ, ಅನ್ನನಾಳ ಹೊಲಿಯಬಹುದು, ಮೂಳೆಗೆ ಪ್ಲೇಟ್ ಹಾಕಬಹುದು. ಆದರೆ ಬೆನ್ನುಹುರಿ ಕೂಡುವುದಿಲ್ಲ. ಹೊಸ ದೇಹ ಬಂದರೂ ಅವನು ಈಗಿನ ಹಾಗೆಯೇ ಮಲಗಿರುತ್ತಾನೆ, ಈಗ ತಾನಾಗಿ ಆಡುವ ಉಸಿರಿಗೂ ಯಂತ್ರ ಬೇಕಾಗುತ್ತದೆ. ಇಷ್ಟರ ಮೇಲೆ ಆ ದೇಹ ತಲೆಯನ್ನು ಹೊರಗಿನದೆಂದು ತಿರಸ್ಕರಿಸುತ್ತದೆ.

ಅವರು ಎಲ್ಲವನ್ನೂ ಕೇಳಿದರು. “ನಡಿಯೋದು ಬೇಡ ಬಿಡಿ ಮೇಡಂ. ಅದನ್ನ ನಾವು ಯಾವಾಗ್ಲೋ ಬಿಟ್ಟಿದ್ದೀವಿ. ಹೊಸ ಮೈ ಬಂದ್ರೆ ಅದರಲ್ಲಿ ಕಿಡ್ನಿ ಚೆನ್ನಾಗಿರುತ್ತೆ, ಹುಣ್ಣಿರಲ್ಲ. ಅಷ್ಟೇ ಅಲ್ವಾ ಬೇಕಾಗಿರೋದು?”

“ಆಪರೇಷನ್ ಟೇಬಲ್ ಮೇಲೇ ಹೋಗಿಬಿಡಬಹುದು.”

“ಟೇಬಲ್ ಹತ್ದೇ ಇದ್ರೆ ಉಳೀತಾನಾ?”

ದೇಹ ಕೊಡುವವರಾರು ಎಂದು ಕೇಳಿದೆ. ಒಬ್ಬರು ಸತ್ತಿರಬೇಕು, ಆದರೆ ಮೈ ಜೀವಂತವಾಗಿರಬೇಕು. ಅಂಥ ಒಂದು ದೇಹದಿಂದ ಎರಡು ಕಿಡ್ನಿ, ಲಿವರ್, ಕಣ್ಣುಗಳು ಬೇರೆ ಬೇರೆಯವರಿಗೆ ಹೋಗುತ್ತವೆ, ಅವರೆಲ್ಲ ಬದುಕುವುದು ಹೆಚ್ಚುಕಡಿಮೆ ಖಚಿತ. ಅದನ್ನೆಲ್ಲ ಒಬ್ಬರ ಪ್ರಯೋಗಕ್ಕೆ ಹಾಕುವುದು ಹೇಗೆ ಸರಿ?

“ಆ ಬೇರೆಯವರು ಯಾರೂ ನನ್ನ ತಮ್ಮ ಅಲ್ವಲ್ಲ ಮೇಡಂ,” ಎಂದು ಎದ್ದುಹೋದರು. ಸಿಟ್ಟಿನಿಂದಲ್ಲ.

ಮಾರನೆಯ ದಿನ ರೌಂಡ್ಸಿನಲ್ಲಿ ತಮ್ಮನೇ ಆ ಮಾತು ತೆಗೆದ. ನ್ಯೂರೋಸರ್ಜನ್ ನನ್ನ ಜೊತೆಗಿದ್ದರು. ನನಗಿಂತ ಹಿರಿಯರು, ಕಡಿಮೆ ಮಾತಿನವರು.

“ಸಾರ್, ರೋಡ್ ಅಗೆದು ಕೇಬಲ್ ಕಟ್ ಮಾಡಾಕಿದ್ರೆ ನಾನೇ ಗುಂಡಿಗಿಳಿದು ಜಾಯಿಂಟ್ ಹಾಕ್ತಿದ್ದೆ. ಇದಕ್ಯಾಕೆ ಆಗಲ್ಲ?”

“ನಿನ್ನ ಕೇಬಲ್ಲಿನ ತಂತಿ ಕತ್ತರಿಸಿದ್ರೂ ತಂತಿಯಾಗೇ ಇರುತ್ತಪ್ಪ. ಇದು ಕತ್ತರಿಸಿದ ಜಾಗದಿಂದ ಸಾಯ್ತಾ ಹೋಗುತ್ತೆ. ನಡುವೆ ಗಾಯದ ಗಂಟು ಬೆಳೆಯುತ್ತೆ. ಇಲಿಗಳಲ್ಲಿ ಏನೇನೋ ಹಚ್ಚಿ ನೋಡ್ತಿದ್ದಾರೆ. ಮನುಷ್ಯರಲ್ಲಿ ಇವತ್ತಿಗೆ ಆಗಲ್ಲ.”

ತಮ್ಮ ಕಣ್ಣಿನಿಂದಲೇ ತನ್ನ ಕೈ ತೋರಿಸಿದ. “ಬೇರೆಯವರ ಕೈಕಾಲು ನೋಡ್ಕೊಂಡು ಮಲಗಿರಬೇಕಾಗುತ್ತೆ ಅಂತ ನಮ್ಮತ್ತಿಗೆ ಹೆದರ್ಕೊಂಡವ್ರೆ. ಈಗ್ಲೂ ನಂಗೆ ಇದು ಬೇರೆಯವರ ಕೈ ಥರಾನೇ ಕಾಣೋದು. ನೊಣ ಕೂತಿದ್ರೆ ಯಾರ ಮೇಲೋ ಕೂತ ಹಾಗಿರುತ್ತೆ.” ಆಮೇಲೆ ನಕ್ಕ. “ಅಣ್ಣಂಗೆ ಬೈಬೇಡಿ ಮೇಡಂ. ಅವನಿಗೆ ಕೈ ಕಟ್ಟಿ ಕೂತ್ಕೊಳ್ಳೋಕೆ ಬರಲ್ಲ.”

ಹೊರಗೆ ಬಂದ ಮೇಲೆ ನ್ಯೂರೋಸರ್ಜನ್ ಅಂದರು: “ಇಂಥದ್ದಕ್ಕೆ ಉದ್ದ ವಿವರಣೆ ಕೊಡಬೇಡಿ. ಆಗಲ್ಲ ಅನ್ನಿ, ಮುಗೀತು. ಅರ್ಧ ಬಾಗಿಲು ತೆಗೆದಿಟ್ರೆ ಅವರು ಅಲ್ಲೇ ನಿಂತುಬಿಡ್ತಾರೆ.”

ಅದೇ ವಾರ ಬಿಟಿಎಂ ಕಡೆಯಿಂದ ಒಬ್ಬ ಹುಡುಗನನ್ನು ತಂದರು. ರಿಂಗ್ ರೋಡಿನಲ್ಲಿ ಗೆಳೆಯನ ಬೈಕಿನ ಹಿಂದೆ ಕೂತಿದ್ದ, ಹೆಲ್ಮೆಟ್ ಇರಲಿಲ್ಲ. ಗದಗದವನು. ಬಿಟಿಎಂನಲ್ಲಿ ಗೆಳೆಯರೊಂದಿಗೆ ರೂಮು ಮಾಡಿಕೊಂಡು ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಮೈಮೇಲೆ ಒಂದು ತರಚುಗಾಯವೂ ಇರಲಿಲ್ಲ. ತಲೆಯೊಳಗೆ ಮಾತ್ರ ರಕ್ತ ಹೆಪ್ಪುಗಟ್ಟಿತ್ತು. ನ್ಯೂರೋಸರ್ಜನ್ ತಲೆಬುರುಡೆ ತೆರೆದು ಹೆಪ್ಪು ತೆಗೆದರು. ಅರಿವಳಿಕೆ ಕೊಟ್ಟವಳು ನಾನೇ. ಮಿದುಳು ಊದಿ ಹೊರಗೆ ಉಬ್ಬುತ್ತಿದ್ದುದನ್ನು ನೋಡಿದಾಗಲೇ ನಮ್ಮಿಬ್ಬರಿಗೂ ತಿಳಿದಿತ್ತು. ಊತ ಇಳಿಸುವ ಔಷಧ, ವೆಂಟಿಲೇಟರಿನ ಹೊಂದಾಣಿಕೆ, ತಲೆಯ ಕಡೆ ಎತ್ತರಿಸಿದ ಮಂಚ, ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಅವನ ಕಣ್ಣಪಾಪೆಗಳು ಬೆಳಕಿಗೆ ಅಲುಗಲಿಲ್ಲ.

ತಂದೆತಾಯಿ ಮರುದಿನ ಬೆಳಿಗ್ಗೆ ರೈಲಿನಲ್ಲಿ ಬಂದಿಳಿದರು. ತಂದೆ ಗದಗದಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದವರು. ಬೆಂಗಳೂರಿನಲ್ಲಿ ಮಗನ ರೂಮಿನ ವಿಳಾಸ ಬಿಟ್ಟರೆ ಬೇರೇನೂ ಅವರಿಗೆ ಗೊತ್ತಿರಲಿಲ್ಲ. ಐಸಿಯುವಿನ ಹೊರಗಿನ ಬೆಂಚಿನಲ್ಲಿ ಅವರ ಪಕ್ಕ ಕೂತಿದ್ದವರು ಪುಟ್ಟೇನಹಳ್ಳಿಯ ಅಣ್ಣ. ಮನೆಯಿಂದ ತಮಗೆ ಬರುವ ಊಟದ ಕ್ಯಾರಿಯರ್ ಅನ್ನು ಅವರ ಮುಂದೆ ಬಿಚ್ಚಿಟ್ಟರು. ಖಾಲಿ ಇದ್ದ ಒಂದು ಬಾಡಿಗೆ ಮನೆಯ ಬೀಗ ತೆಗೆಸಿ ಸ್ನಾನಕ್ಕೆ, ಮಲಗಲಿಕ್ಕೆ ಅಲ್ಲಿಗೆ ಕಳಿಸಿದರು. ಔಷಧಿ ಅಂಗಡಿಗೆ, ಬಿಲ್ ಕೌಂಟರಿಗೆ ಅವರ ಪರವಾಗಿ ಇವರೇ ಓಡಾಡಿದರು. ಒಳಗೆ ಹೋಗಿಬರುವಾಗ ನನಗೆ ಅದು ಕಾಣುತ್ತಿತ್ತು. ಒಳ್ಳೆಯದಾಯಿತು ಎಂದುಕೊಂಡೆ.

ಮಿದುಳು ಸತ್ತಿದೆಯೇ ಎಂದು ಖಚಿತಪಡಿಸುವ ಪರೀಕ್ಷೆಗಳನ್ನು ಕಾನೂನಿನ ಪ್ರಕಾರ ಒಂದಕ್ಕಿಂತ ಹೆಚ್ಚು ವೈದ್ಯರು ಸೇರಿ, ನಡುವೆ ಗಂಟೆಗಳ ಅಂತರ ಬಿಟ್ಟು ಎರಡು ಸಲ ಮಾಡಬೇಕು. ಕಣ್ಣಿಗೆ ಟಾರ್ಚು ಬಿಡುತ್ತೇವೆ. ಹತ್ತಿಯ ಎಳೆಯಿಂದ ಕಣ್ಣಗುಡ್ಡೆಯನ್ನು ಮುಟ್ಟುತ್ತೇವೆ. ಕಿವಿಯೊಳಗೆ ಐಸಿನಷ್ಟು ತಣ್ಣಗಿನ ನೀರು ಬಿಟ್ಟು ಕಣ್ಣು ಹೊರಳುತ್ತದೆಯೇ ಎಂದು ಕಾಯುತ್ತೇವೆ. ಕೊನೆಗೆ ವೆಂಟಿಲೇಟರ್ ಕಳಚಿ, ಶ್ವಾಸನಾಳಕ್ಕೆ ಬರೀ ಆಮ್ಲಜನಕ ಬಿಟ್ಟು, ಎದೆಯನ್ನೇ ನೋಡುತ್ತ ನಿಲ್ಲುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋದಂತೆ, ಜೀವವಿರುವ ಯಾವ ಮಿದುಳಾದರೂ ಒಂದು ಉಸಿರಿಗಾಗಿ ಒದ್ದಾಡಲೇಬೇಕು. ಎರಡೂ ಸಲ ಆ ಹುಡುಗನ ಎದೆ ಅಲುಗಲಿಲ್ಲ. ಹೃದಯ ಮಾತ್ರ ಬಡಿಯುತ್ತಿತ್ತು, ಮಾನಿಟರಿನಲ್ಲಿ ಹಸಿರು ಗೆರೆ ಓಡುತ್ತಿತ್ತು.

ತಂದೆತಾಯಿಗೆ ನಾನು ಹೇಳಿದೆ, ನಿಮ್ಮ ಮಗ ಹೋಗಿದ್ದಾನೆ ಎಂದು. ತಾಯಿ ನನ್ನ ಮುಖ ನೋಡಿದರು. “ಮೈ ಬೆಚ್ಚಗ ಐತಲ್ಲವ್ವಾ. ಈಗರ ಮುಟ್ಟಿ ಬಂದೀನಿ.”

ಯಂತ್ರದಿಂದ ಉಸಿರು, ಉಸಿರಿನಿಂದ ಹೃದಯ, ಅದೂ ಒಂದೆರಡು ದಿನ ಮಾತ್ರ ಎಂದು ಬಿಡಿಸಿ ಹೇಳಿದೆ. “ಪೆಟ್ಟು ಬಿದ್ದಿರೋದು ತಲೆಗೆ ಮಾತ್ರ. ಮೈಯೆಲ್ಲ ಚೆನ್ನಾಗಿದೆ. ನೀವು ಒಪ್ಪಿದರೆ ಅವನ ಕಿಡ್ನಿ, ಲಿವರ್, ಕಣ್ಣು ಬೇರೆಯವರನ್ನ ಉಳಿಸ್ತವೆ.” ಯೋಚನೆ ಮಾಡಿ ಹೇಳಿ, ಅವಸರವಿಲ್ಲ ಎಂದೆ. ಅವಸರವಿತ್ತು, ಆದರೆ ಹಾಗೆ ಹೇಳುವ ಹಾಗಿರಲಿಲ್ಲ.

ಒಬ್ಬರಿಗೆ ನಾನು ತಲೆ ಚೆನ್ನಾಗಿದೆ, ಮೈ ಹೋಗಿದೆ ಎಂದಿದ್ದೆ. ಇನ್ನೊಬ್ಬರಿಗೆ ಮೈ ಚೆನ್ನಾಗಿದೆ, ತಲೆ ಹೋಗಿದೆ ಎಂದೆ. ಆ ಇಬ್ಬರೂ ಹೊರಗೆ ಒಂದೇ ಬೆಂಚಿನಲ್ಲಿ ಕೂತಿದ್ದರು.

ಆವತ್ತೇ ಮಧ್ಯಾಹ್ನ ಮೂವರೂ ನನ್ನ ಕೋಣೆಗೆ ಬಂದರು. ಅಣ್ಣ ಮುಂದೆ, ಅವರ ಹಿಂದೆ ಗಂಡ ಹೆಂಡತಿ. ಅಣ್ಣ ಮಾತು ಶುರು ಮಾಡಲು ಹೋಗಿ ನಿಲ್ಲಿಸಿದರು. ಮಾತಾಡಿದವರು ಹುಡುಗನ ತಂದೆ.

“ಡಾಕ್ಟರಮ್ಮಾರ, ಇವರು ನಮಗ ಏನೂ ಕೇಳಿಲ್ಲ. ಇವರ ತಮ್ಮನ ಸುದ್ದಿ ಹೇಳಿದ್ರು, ಅಷ್ಟ. ಆ ಮಂಗ್ಯಾನ ಆಪರೇಷನ್ ಹಾಳಿನೂ ತೋರಿಸಿದ್ರು. ನಾವ ಇಬ್ಬರೂ ಕುಂತು ವಿಚಾರ ಮಾಡೀವಿ. ನಮ್ಮ ಹುಡುಗನ ಮೈ ಐತಿ. ಅವರ ಹುಡುಗನ ತಲಿ ಐತಿ. ಎರಡೂ ಕೂಡಿಸ್ರಿ.”

ನಾನು ಅಣ್ಣನ ಕಡೆ ನೋಡಿದೆ. “ನಾನು ಕೇಳ್ಲಿಲ್ಲ ಮೇಡಂ,” ಎಂದರು. “ದೇವ್ರಾಣೆ ಕೇಳ್ಲಿಲ್ಲ.” ಆದರೆ ಅವರ ಕಣ್ಣಿನಲ್ಲಿ ಬೇಡವೆನ್ನುವ ಶಕ್ತಿ ಇರಲಿಲ್ಲ.

“ತುಂಡ ತುಂಡ ಮಾಡಿ ಮಂದಿಗೆ ಹಂಚಬ್ಯಾಡ್ರವ್ವಾ,” ಎಂದು ತಾಯಿ ಸೇರಿಸಿದರು. “ಕೊಡೂದಾದ್ರ ಇಡೀ ಕೊಡ್ತೀವಿ. ಒಂದ ಕಡೆ ಇರಲಿ. ವರ್ಷಕ್ಕೊಮ್ಮೆ ಬಂದು ನೋಡ್ಕೊಂಡ ಹೋಗ್ತೀನಿ.”

ನನ್ನ ಬಳಿ ನ್ಯೂರೋಸರ್ಜನ್ ಹೇಳಿಕೊಟ್ಟಿದ್ದ ಉತ್ತರವಿತ್ತು. ಅದನ್ನೇ ಹೇಳಿದೆ. “ಆಗಲ್ಲಮ್ಮ.”

ಆಕೆ ಒಪ್ಪಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಕೇಳಿದರು: “ಆಗೂದಿಲ್ಲೋ, ನೀವು ಮಾಡೂದಿಲ್ಲೋ?”

ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ಆಗೂದಿಲ್ಲ ಎಂದು ಇನ್ನೊಮ್ಮೆ ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಕೋತಿಯ ಚಿತ್ರ ಅವರ ಕೈಯಲ್ಲೇ ಇತ್ತು. ರಕ್ತನಾಳ ಜೋಡಿಸುವವರಿದ್ದರು, ತಲೆಯನ್ನು ತಂಪಾಗಿಟ್ಟು ಮಿದುಳನ್ನು ಕೆಲವು ನಿಮಿಷ ಕಾಪಾಡುವ ವಿಧಾನ ನನಗೇ ಗೊತ್ತಿತ್ತು. ಎಲ್ಲೋ ಒಂದು ದೊಡ್ಡ ಕೇಂದ್ರದಲ್ಲಿ, ಯಾರದೂ ಅಡ್ಡಿಯಿಲ್ಲದಿದ್ದರೆ, ಒಂದು ತಲೆಯನ್ನು ಒಂದು ದೇಹದ ಮೇಲೆ ಕೆಲವು ದಿನ ಉಳಿಸಲು ಸಾಧ್ಯವಿರಬಹುದು. ಮಗನ ಸಾವನ್ನು ಕೇಳಿಸಿಕೊಂಡು ಇನ್ನೂ ನಿಂತೇ ಇದ್ದ ಆ ಹೆಂಗಸಿಗೆ ಅರ್ಧ ಸತ್ಯ ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಇದ್ದದ್ದನ್ನು ಹೇಳಿದೆ. ಕೆಲವು ದಿನ ಬದುಕಿಸಬಹುದೇನೋ, ಪ್ರಪಂಚದಲ್ಲಿ ಯಾರೂ ಮನುಷ್ಯರಿಗೆ ಮಾಡಿ ನೋಡಿಲ್ಲ. ಮಾಡಿದರೂ ಆ ಮೈ ಏಳುವುದಿಲ್ಲ, ಕೈ ಎತ್ತುವುದಿಲ್ಲ. ಆ ಕೆಲವು ದಿನ ಇವರ ತಮ್ಮ ಎಚ್ಚರವಾಗಿ, ಬಾಯಲ್ಲಿ ನಳಿಕೆ ಇಟ್ಟುಕೊಂಡು, ನೋವನ್ನು ಹೇಳಲಾರದೆ ಸಾಯುತ್ತಾನೆ. ಅಷ್ಟರಲ್ಲಿ ನಿಮ್ಮ ಮಗನ ಮೈಯೂ ಕೆಟ್ಟುಹೋಗುತ್ತದೆ, ಅದರಿಂದ ಯಾರೂ ಉಳಿಯುವುದಿಲ್ಲ. “ಅದಕ್ಕೆ ನಾವು ಮಾಡಲ್ಲ. ಬೇರೆಯವರು ಮಾಡ್ತೀನಿ ಅಂದ್ರೂ ನಾನು ಕಳಿಸಲ್ಲ.”

“ಅಂದ್ರ ಮಾಡೂದಿಲ್ಲ,” ಎಂದರು ತಾಯಿ. ಉಳಿದ ಮಾತುಗಳು ಅವರನ್ನು ಮುಟ್ಟಲಿಲ್ಲ.

ಅಣ್ಣ ಆಗ ಕೊನೆಯ ದಾರಿಯೊಂದನ್ನು ತೆಗೆದರು. “ಹೋಗ್ಲಿ ಮೇಡಂ. ಕಿಡ್ನಿ ಒಂದಾದ್ರೂ ನಮ್ಮ ಹುಡುಗಂಗೆ ಹಾಕಿ.”

ತಾಯಿ ತಕ್ಷಣ ತಲೆಯಾಡಿಸಿದರು. “ಹಾಕ್ರಿ. ಆ ಹುಡುಗಗಾದ್ರ ಕೊಡ್ತೀವಿ. ಅವನ ಮನಿ ಅನ್ನ ಉಂಡೀವಿ.”

ಕೂತಲ್ಲಿಂದಲೇ ಕಿಡ್ನಿ ತಜ್ಞರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಹಿಂದೆ ಹೇಳಿದ್ದನ್ನೇ. ಹುಣ್ಣು ಒಣಗದೆ ಕಸಿ ಮಾಡಿದರೆ ರೋಗಿಯೂ ಹೋಗುತ್ತಾನೆ, ಕಿಡ್ನಿಯೂ ಹೋಗುತ್ತದೆ. ಅದಲ್ಲದೆ ಕೊಟ್ಟ ಅಂಗ ಯಾರಿಗೆ ಎಂದು ಕೊಡುವವರು ಗೊತ್ತುಮಾಡುವಂತಿಲ್ಲ, ಕಾದಿರುವವರ ಪಾಳಿಯಂತೆ ಹೋಗಬೇಕು. ಒಮ್ಮೆ ಬಂದು ನೋಡಿ ಹೇಳಿ ಎಂದು ಅಂಗಲಾಚಿದೆ. ಬಂದರು, ತಮ್ಮನ ಮಗ್ಗುಲು ಹೊರಳಿಸಿ ನೋಡಿದರು, ಕೈಗವಸು ಕಳಚುತ್ತ ಆಗುವುದಿಲ್ಲವೆಂದು ತಲೆಯಾಡಿಸಿದರು. ಆ ಸುದ್ದಿಯನ್ನೂ ಹೊರಗೆ ಬೆಂಚಿನ ಹತ್ತಿರ ನಾನೇ ಹೇಳಬೇಕಾಯಿತು.

“ಹಂಗಾರ ಯಾರಿಗೂ ಬ್ಯಾಡ,” ಎಂದು ತಾಯಿ ಸೆರಗು ಎಳೆದುಕೊಂಡರು. ಧ್ವನಿ ಏರಿಸಲಿಲ್ಲ. “ಗುರ್ತು ಪರಿಚಯ ಇಲ್ಲದೋರಿಗೆ ಅವನ್ನ ಕೊಯ್ದು ಕೊಡೂದಿಲ್ಲ. ನನ್ನ ಮಗನ್ನ ಹೆಂಗ ಹಡದೀನೋ ಹಂಗ ಒಯ್ತೀನಿ.”

ತಂದೆಯ ಜೊತೆ ಬೇರೆಯಾಗಿ ಮಾತಾಡಿದೆ. ಆತ ಗೋಡೆಗೆ ಒರಗಿ ನಿಂತಿದ್ದರು. “ನನಗ ತಿಳೀತೈತ್ರಿ ಮೇಡಮ್. ಐದಾರು ಮಂದಿ ಉಳೀತಿದ್ರು. ಆದ್ರ ಆಕಿ ಬಾಯಿಂದ ಒಮ್ಮೆ ಹೂಂ ಬಂದಿತ್ತು. ಆ ಹೂಂ ನಿಮಗ ಬ್ಯಾಡಾತು. ಇನ್ನೊಮ್ಮೆ ಅನಸಾಕ ನನಗ ಆಗೂದಿಲ್ರಿ.”

ಸಂಜೆ ನ್ಯೂರೋಸರ್ಜನ್‌ಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು. “ಆಗಲ್ಲ ಅಂತಷ್ಟೇ ಅಂದಿದ್ರೆ ಆಕೆ ಕಿಡ್ನಿ ಕೊಡ್ತಿದ್ರಾ? ಗೊತ್ತಿಲ್ಲ. ನಂಗೂ ಗೊತ್ತಿಲ್ಲ.” ಡಯಾಲಿಸಿಸ್ ವಾರ್ಡು ಒಂದು ಮಹಡಿ ಕೆಳಗಿತ್ತು. ಕಿಡ್ನಿಗಾಗಿ ಕಾದಿದ್ದವರು ಅಲ್ಲಿ ವಾರಕ್ಕೆರಡು ಸಲ ಬಂದು ಮಲಗುತ್ತಿದ್ದರು. ಹಲವರ ಮುಖ ನನಗೆ ಗೊತ್ತಿತ್ತು. ಆವತ್ತು ನಾನು ಆ ಮಹಡಿಯಲ್ಲಿ ನಿಲ್ಲದೆ ಇಳಿದುಹೋದೆ.

ದಾನಕ್ಕೆ ಒಪ್ಪಿಗೆಯಿಲ್ಲದಿದ್ದರೆ, ಮಿದುಳು ಸತ್ತವರ ವೆಂಟಿಲೇಟರ್ ತೆಗೆಯುವ ವಿಷಯದಲ್ಲಿ ಆಗ ಯಾರಿಗೂ ಸ್ಪಷ್ಟತೆ ಇರಲಿಲ್ಲ. ತೆಗೆಯುವ ಧೈರ್ಯ ಆಸ್ಪತ್ರೆಗೂ ಇರಲಿಲ್ಲ. ಹೃದಯ ತಾನಾಗಿ ನಿಲ್ಲುವವರೆಗೆ ಕಾಯುವುದು ರೂಢಿ. ಮಿದುಳಿನ ಹಿಡಿತ ತಪ್ಪಿದ ಮೈ ಮೂತ್ರವನ್ನು ಬಿಂದಿಗೆಗಟ್ಟಲೆ ಸುರಿಸುತ್ತದೆ. ಹೋದಷ್ಟನ್ನೂ ಲೆಕ್ಕ ಹಾಕಿ ಗ್ಲೂಕೋಸಿನಲ್ಲಿ ತುಂಬಿಕೊಟ್ಟೆವು. ಬಿಪಿಗೆ ಔಷಧ ಕೊಟ್ಟೆವು. ಕಿಡ್ನಿಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂಬುದನ್ನು ಪ್ರಯೋಗಾಲಯದ ವರದಿಗಳು ಹೇಳುತ್ತಲೇ ಇದ್ದವು. ಅದೇ ಐಸಿಯುವಿನ ಇನ್ನೊಂದು ಮೂಲೆಯಿಂದ ತಮ್ಮನ ವರದಿಗಳು ಬರುತ್ತಿದ್ದವು. ಎರಡಕ್ಕೂ ನಾನೇ ಸಹಿ ಹಾಕುತ್ತಿದ್ದೆ.

ತಮ್ಮನಿಗೆ ಯಾರೋ ವಿಷಯ ಮುಟ್ಟಿಸಿದ್ದರು. ಆ ಅಪ್ಪ ಅಮ್ಮನನ್ನು ನೋಡಬೇಕು ಎಂದ. ರಾತ್ರಿ ಮಲಗಲು ಹೊರಡುವ ಮೊದಲು ತಂದೆ ಬಂದರು. ತಾಯಿ ಬಾಗಿಲ ಪರದೆಯ ಹತ್ತಿರವೇ ನಿಂತರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

ತಂದೆ ಮಂಚದ ಪಕ್ಕ ನಿಂತು ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತಮ್ಮ ಮೆಲ್ಲಗೆ ಹೇಳಿದ. “ಅಂಕಲ್, ಕೈ ಹಿಡ್ಕೊಂಡಿದ್ದೀರ ಅಂತ ಕಾಣ್ತಿದೆ. ಗೊತ್ತಾಗ್ತಿಲ್ಲ ನಂಗೆ.”

ಅವರು ಗಾಬರಿಯಿಂದ ಅವನ ಕೈಯನ್ನು ಹಾಸಿಗೆಯ ಮೇಲಿಟ್ಟರು. ಆಮೇಲೆ ತಮ್ಮದೇ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿನಲ್ಲಿಟ್ಟುಕೊಂಡರು. “ಆರಾಮ ಆಗಪ್ಪಾ,” ಎಂದರು. ತಮ್ಮ “ಆಗ್ತೀನಿ ಅಂಕಲ್” ಎಂದ.

ಹುಡುಗನ ಹೃದಯ ಮರುದಿನ ಮಧ್ಯಾಹ್ನ ನಿಂತಿತು. ಗದಗಕ್ಕೆ ಹೋಗುವ ಆಂಬುಲೆನ್ಸನ್ನು ಅಣ್ಣನೇ ಗೊತ್ತುಮಾಡಿದರು. ಅವರಿಬ್ಬರನ್ನೇ ಕಳಿಸಲಾಗದೆ ಡ್ರೈವರ್ ಪಕ್ಕ ಹತ್ತಿ ಕೂತು ತಾವೂ ಹೋದರು.

ತಮ್ಮನ ಡಯಾಲಿಸಿಸ್ ಅನ್ನು ಮತ್ತೂ ಕೆಲವು ಸಲ ಪ್ರಯತ್ನಿಸಿದೆವು. ಪ್ರತಿಸಲವೂ ಹಿಂದಿನದಕ್ಕಿಂತ ಬೇಗ ನಿಲ್ಲಿಸಬೇಕಾಯಿತು. ಒಂದು ಬೆಳಿಗ್ಗೆ ಅವನೇ ಹೇಳಿದ, “ಮೇಡಂ, ಮನೆಗೆ ಕಳಿಸ್ಬಿಡಿ. ಇಲ್ಲಿ ಟಿವಿ ಇಲ್ಲ.” ಅಣ್ಣ ನನ್ನ ಮುಖ ನೋಡಿದರು. ನಾನು ತಡೆಯಲಿಲ್ಲ. ಅವರಿಗೆ ತೋರಿಸಬಹುದಾದ ಹಾಳೆ ನನ್ನಲ್ಲಿ ಯಾವುದೂ ಇರಲಿಲ್ಲ.

ಭಾನುವಾರ ಪುಟ್ಟೇನಹಳ್ಳಿಗೆ ಹೋದೆ. ಸಾಮಾನ್ಯವಾಗಿ ರೋಗಿಗಳ ಮನೆಗೆ ಹೋಗುವವಳಲ್ಲ. ಮೊದಲ ಮಹಡಿಯ ಮುಂಭಾಗದ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ಅವನ ಮಂಚ ಹಾಕಿದ್ದರು. ಹೊರಗೆ ಕೆರೆಯಲ್ಲಿ ಜೊಂಡು ಬೆಳೆದಿತ್ತು. ಅತ್ತಿಗೆ ಕಾಫಿ ತಂದಿಟ್ಟು ಹೋದರು. ಅವನ ಮುಖ ಊದಿತ್ತು, ಉಸಿರಿನಲ್ಲಿ ಕಿಡ್ನಿ ಸೋತವರ ವಾಸನೆ ಇತ್ತು. ಆದರೆ ಮಾತು ಸ್ಪಷ್ಟವಾಗಿತ್ತು. ಅವನ ತಲೆ ಕೊನೆಯವರೆಗೂ ಸ್ಪಷ್ಟವಾಗಿಯೇ ಇತ್ತು.

“ಮೇಡಂ, ನೀವು ಮಾಡಿದ್ದು ಸರಿ. ಆದ್ರೂ ಯೋಚ್ನೆ ಬರುತ್ತೆ. ಆಪರೇಷನ್ ಆಗಿಬಿಟ್ಟಿದ್ರೆ ಆ ಅಮ್ಮ ವರ್ಷಕ್ಕೊಂದ್ಸಲ ಗದಗಿಂದ ಬರೋರು. ಬಂದು ಇಲ್ಲಿ ಕೂತ್ಕೊಳ್ಳೋರು. ಅವರು ನನ್ನ ಮುಖ ನೋಡ್ತಿದ್ರಾ, ಕೈ ನೋಡ್ತಿದ್ರಾ?”

ಕೈ ನೋಡುತ್ತಿದ್ದರು ಎಂದು ನನಗನ್ನಿಸಿತು.

“ಕೈ ನೋಡೋರು,” ಎಂದು ಅವನೇ ಹೇಳಿಕೊಂಡ. “ನಾನು ಮುಖ ಆ ಕಡೆ ತಿರುಗಿಸ್ಕೋಬೇಕಾಗ್ತಿತ್ತು. ಅವರನ್ನ ಆ ಕೈ ಜೊತೆ ಬಿಟ್ಟು.”

ಕಾಫಿ ಮುಗಿಸಿದೆ. ನಾಡಿ ನೋಡಿದೆ, ಸ್ಟೆತಾಸ್ಕೋಪ್ ಇಟ್ಟು ಎದೆ ಕೇಳಿದೆ. ಕೇಳಿ ಮಾಡುವುದೇನೂ ಇರಲಿಲ್ಲ. ಏಳುವ ಹೊತ್ತಿಗೆ ಅವನು ಸಂಕೋಚದಿಂದ ಕರೆದ.

“ಮೇಡಂ, ಬೇಜಾರ್ ಮಾಡ್ಕೋಬೇಡಿ. ಹುಬ್ಬಿನ ಹತ್ರ ಕೆರೀತಾ ಇದೆ. ನೀವು ಬಂದಾಗಿಂದ.”

ಸ್ಟೆತಾಸ್ಕೋಪನ್ನು ಹಾಸಿಗೆಯ ಮೇಲಿಟ್ಟು ಬಲಹುಬ್ಬಿನ ಮೇಲೆ ಉಗುರಾಡಿಸಿದೆ.

“ಈ ಕಡೆ ಅಲ್ಲ. ಎಡಗಡೆ. ಇನ್ನೂ ಸ್ವಲ್ಪ ಮೇಲೆ.” ಕಣ್ಣು ಮುಚ್ಚಿಕೊಂಡ. “ಹಾಂ, ಅಲ್ಲೇ.”